ಮೂರು ಸಲ ಓ

…ಅಲ್ಲ ಅತ್ತೆ, ನಗುವ ವಿಷಯ ಅಲ್ಲ ಇದು! ಹನ್ನೊಂದು ಗಂಟೆಗೆ ಕಾಲೇಜಿನ ಸರ್ ಈ ಲ್ಯಾಪ್‌ಟಾಪಿನಲ್ಲಿ ಬರ್ತಾರೆ. ನೀವು ನನ್ನ ಪಕ್ಕ ಕೂತು ಒಂದೇ ಮಾತು ಹೇಳಬೇಕು. 'ಪರೀಕ್ಷೆಯ ದಿನ ಸರಸಾ ಅಂತ ಮೂರು ಸಲ ಕರೆದೆ, ಸೊಸೆ ಓ ಅಂದಳು.' ಅಷ್ಟೇ.

ಎಂತ? ಓ ಅಂದರೆ ತಪ್ಪಾ? ತಪ್ಪೇ ಅತ್ತೆ! ಹಿರಿಯರು ಕರೆದರೆ ಓ ಅನ್ನದೆ ಇರ್ಲಿಕ್ಕೆ ಆಗ್ತದಾ ನಮಗೆ? ಆದರೆ ಆ ಕ್ಯಾಮೆರಾಕ್ಕೆ ಅತ್ತೆ ಸೊಸೆ ಎಲ್ಲ ಗೊತ್ತುಂಟಾ! ಸ್ವರ ಕೇಳಿತು, ಕೆಂಪು ಅಕ್ಷರ ಬಂತು. ಮೂರನೇ ಸಲಕ್ಕೆ ಪರೀಕ್ಷೆಯೇ ಬಂದ್.

ಆನ್‌ಲೈನ್ ಡಿಗ್ರಿ ಅಂದರೆ ಸುಲಭ ಅಂದುಕೊಂಡಿದ್ದೆ... ಅನ್ನಕ್ಕೆ ಇಟ್ಟು ಪಾಠ ಕೇಳಬಹುದು ಅಂತ. ಕೇಳಬಹುದು, ಹೌದು. ಅರ್ಥ ಆಗದಿದ್ದರೆ? ವಿಡಿಯೋದ ಸರ್ ಮಾತಾಡಿಕೊಂಡೇ ಹೋಗ್ತಾರೆ. ಸಂಶಯ ಬರೆದು ಹಾಕಿದರೆ ನಾಲ್ಕು ದಿನಕ್ಕೆ ಉತ್ತರ, ಅದೂ ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ಆ ವಾರದ ಟೆಸ್ಟ್ ಮುಗಿದಿರ್ತದೆ! ಪರೀಕ್ಷೆಗೆ ಕೂರುವಾಗ ಕೋಣೆಯ ನಾಲ್ಕೂ ಮೂಲೆ ತೋರಿಸಬೇಕು, ಮಂಚದ ಅಡಿ ಸಹಾ. ಕಣ್ಣು ಆಚೆ ಈಚೆ ಹೋದರೂ ಎಚ್ಚರಿಕೆ.

ಕಟಪಾಡಿಯ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಬೆಲ್ ಹೊಡೀತಾ ಇದ್ದೇನೆ. ಡಿಗ್ರಿ ಆದರೆ ಆಫೀಸಿನಲ್ಲಿ ಕೆಲಸ ಅಂತ ಹೆಡ್‌ಮಿಸ್ ಹೇಳಿದ್ದಾರೆ. ಇವತ್ತು ಸರ್ ನಂಬದಿದ್ದರೆ ಎರಡು ವರ್ಷ ಓದಿದ್ದು ನೀರಿನಲ್ಲಿ ಹೋಮ! ನಾನು ಓ ಅಂದದ್ದು ಅವರ ರೆಕಾರ್ಡಿನಲ್ಲಿ ಉಂಟು, ಕರೆದದ್ದು ಕೇಳುವುದಿಲ್ಲವಂತೆ. ಅದಕ್ಕೇ ನೀವು ಬೇಕು.

ಒಮ್ಮೆ ಹೇಳಿ ನೋಡಿ ಅತ್ತೆ, 'ಕರೆದೆ' ಅಂತ... ಕ್ಯಾಲೆಂಡರ್ ಯಾಕೆ ನೋಡ್ತೀರಿ? ಪರೀಕ್ಷೆ ಇದ್ದದ್ದು ಹದಿನಾಲ್ಕನೇ ತಾರೀಕು, ಶನಿವಾರ...

ಅಯ್ಯೋ ದೇವರೇ! ಅವತ್ತು ನೀವು ಕಾರ್ಕಳದಲ್ಲಿ ಮಗಳ ಮನೆಯಲ್ಲಿ ಇದ್ದಿರಿ... ಹೆದರಿಕೆಯಲ್ಲಿ ಕಾಲೇಜಿಗೆ ನಿಮ್ಮ ಹೆಸರು ಬರೆದು ಕಳಿಸಿಬಿಟ್ಟೆ ಅತ್ತೆ.

ಹಾಗೆ ನೋಡಬೇಡಿ. ಯಾರೂ ಕರೆಯಲಿಲ್ಲ. ಅವಳು ಕಿಟಕಿಯ ಹೊರಗೆ ನಿಂತು, ಪ್ರಶ್ನೆ ಇಣುಕಿ ನೋಡಿ, ಸಣ್ಣ ಸ್ವರದಲ್ಲಿ ಉತ್ತರ ಓದಿ ಹೇಳ್ತಾ ಇದ್ದಳು. ಕೇಳಿತು ಅನ್ಲಿಕ್ಕೆ ನಾನು ಓ ಅಂದೆ... ಅಭ್ಯಾಸ ಬಲ, ಬಾಯಿಗೆ ಬಂದುಬಿಟ್ಟಿತು. ಅವಳು ಬೇಡ ಅಂದಿದ್ದಳು ಅತ್ತೆ, ಅತ್ತುಕೊಂಡು ಬೇಡ ಅಂದಿದ್ದಳು. ನಾನೇ ಬಲವಂತ ಮಾಡಿ ನಿಲ್ಲಿಸಿದ್ದು.

ಯಾರು ಅಂತ ನೀವು ಕೇಳಲೇ ಇಲ್ಲ... ಗೊತ್ತಾಯ್ತಲ್ಲ. ಹೌದು, ನಿಮ್ಮ ಮೊಮ್ಮಗಳೇ, ನನ್ನ ಮಗಳು. ಮಣಿಪಾಲದಲ್ಲಿ ಅವಳ ಕಾಲೇಜು ಇನ್ನೂ ಒಂದು ವರ್ಷ ಉಂಟು, ಇದು ಗೊತ್ತಾದರೆ ಅವಳನ್ನೂ ಹೊರಗೆ ಹಾಕ್ತಾರೆ!

ಶ್... ಸರ್ ಬಂದರು. ನನ್ನದು ಹೋದರೆ ಹೋಗ್ಲಿ ಅತ್ತೆ. ಪ್ರಣೀತಾಳ ಹೆಸರು ಮಾತ್ರ ಹೇಳಬೇಡಿ.