ಮೈಲಾರವ್ವ ಒಲ್ಲೆನೆಂದ ಕೋಟು

ಮೊರಬದ ಹಿರಿಯರೇ, ತಾಯಂದಿರೇ, ನವಲಗುಂದದಿಂದ ಬಸ್ಸು ಹಿಡಿದು ಬಂದ ನಮ್ಮ ಸ್ಟುಡಿಯೋದ ಗಿರಾಕಿಗಳೇ — ಮುಂದಿನ ಸಾಲಿನಲ್ಲಿ ಕೂತಿರುವ ಅಮೋಘಸಿದ್ದಪ್ಪನ ತಾಯಿ ಮೈಲಾರವ್ವನವರೇ, ತಂಗಿ ಸುನೀತಾ, ಆಕೆಯ ಯಜಮಾನರಾದ ಪ್ರತಾಪ ಅವರೇ — ಎಲ್ಲರಿಗೂ ಹಾರೂನನ ನಮಸ್ಕಾರ. ನನಗೆ ಭಾಷಣ ಬರುವುದಿಲ್ಲ. ಇಪ್ಪತ್ತಾರು ವರ್ಷ ಸಿದ್ದಪ್ಪ ಫೋಟೋ ತೆಗೆದ, ನಾನು ಅವನ್ನು ತಿದ್ದಿದೆ. ನನಗೆ ಬರುವುದು ಅದೊಂದೇ.

ಬಂದಾಗಿನಿಂದ ನೋಡುತ್ತಿದ್ದೇನೆ. ಹೂವು ಹಾಕುತ್ತೀರಿ, ಕೈ ಮುಗಿಯುತ್ತೀರಿ, ಆದರೆ ಸಿದ್ದಪ್ಪನ ಈ ಫೋಟೋದ ಕಡೆ ಮಾತ್ರ ಯಾರೂ ಕಣ್ಣೆತ್ತುತ್ತಿಲ್ಲ. ದಪ್ಪ ಮೀಸೆ, ಕಣ್ಣಿಗೆ ಕಾಡಿಗೆ, ಮೈಗೆ ಇಳಕಲ್ ಸೀರೆ, ಸೆರಗಿನ ಬಾಜು ಎದೆಯ ನರೆಗೂದಲು — ಶ್ರದ್ಧಾಂಜಲಿಗೆ ಇಂಥ ಫೋಟೋ ಇಡುತ್ತಾರೆಯೇ ಎಂದು ನಿಮ್ಮ ಮನಸ್ಸಿನಲ್ಲಿದೆ. ತಡೆಯಿರಿ. ಅದನ್ನು ಹೇಳುವುದಕ್ಕೇ ಮೈಕು ಹಿಡಿದಿದ್ದೇನೆ.

ನಿಮ್ಮ ಮನೆಗಳ ಗೋಡೆ ನನಗೆ ಗೊತ್ತು. ಯಾರಾದರೂ ತೀರಿಕೊಂಡರೆ ಆಧಾರ್ ಕಾರ್ಡು ಹಿಡಿದುಕೊಂಡು ನನ್ನ ಹತ್ತಿರ ಬರುತ್ತೀರಿ. ನಾನು ಕುತ್ತಿಗೆಯ ಕೆಳಗೆ ಒಂದು ಕರಿ ಕೋಟು ಕೂರಿಸಿ, ಹಿಂದೆ ನೀಲಿ ಬಣ್ಣ ಹಾಕಿ ಕೊಡುತ್ತೇನೆ. ಬದುಕಿದ್ದಾಗ ಬನಿಯನ್ನಿನಲ್ಲೇ ಹೊಲ ಸುತ್ತಿದ ಮನುಷ್ಯ, ಸತ್ತ ಮೇಲೆ ಸಾಹೇಬ! ಈ ತಾಲೂಕಿನ ಅರ್ಧಕ್ಕರ್ಧ ಸತ್ತವರಿಗೆ ಅಳತೆ ತೆಗೆಯದೆ ಕೋಟು ಹೊಲಿದ ಸಿಂಪಿಗ ನಾನು. — ನಗಿರಿ, ನಗಿರಿ. ಸಿದ್ದಪ್ಪನೂ ಇದಕ್ಕೇ ನನ್ನನ್ನು ದಿನಾ ಕಾಡಿಸುತ್ತಿದ್ದ.

ಅವನಿಗೆ ಮೈ ಮುಚ್ಚುವುದು ಹಿಡಿಸುತ್ತಿರಲಿಲ್ಲ. ಮದುವೆ, ಪಾಸ್‌ಪೋರ್ಟ್ ಸೈಜು — ಇದೆಲ್ಲ ಹೊಟ್ಟೆಪಾಡು. ಅವನ ನಿಜವಾದ ಕೆಲಸ ನಡೆಯುತ್ತಿದ್ದದ್ದು ಮಂಗಳವಾರ, ಅಂಗಡಿಯ ಸೂಟಿಯ ದಿನ. ಹತ್ತಿ ಅಂಡಿಗೆ ಹೊರುವ ಹಮಾಲರ ಭುಜ ತೆಗೆದ. ಕುಸ್ತಿ ಮುಗಿಸಿ ಒಬ್ಬರ ಮೈಗೊಬ್ಬರು ಒರಗಿ ಕೂತ ಪೈಲವಾನರನ್ನು ತೆಗೆದ. ಅಗೋ, ಅಲ್ಲಿ ಕೂತ ಜೋಗಮ್ಮ ಮಲ್ಲಿಕಾ — ಕೈತುಂಬ ಹಸಿರು ಬಳೆ ಹಾಕಿಕೊಂಡು, ಕನ್ನಡಿ ಮುಂದೆ ಗಡ್ಡ ಹೆರೆದುಕೊಳ್ಳುವ ಅವರ ಫೋಟೋ ಮುಂಬೈಯ ಪ್ರದರ್ಶನದಲ್ಲಿ ಗೋಡೆಯಷ್ಟು ದೊಡ್ಡದಾಗಿ ನಿಂತಿತ್ತು. ಗಂಡಿನಲ್ಲಿ ಹೆಣ್ಣು, ಹೆಣ್ಣಿನಲ್ಲಿ ಗಂಡು, ಎರಡೂ ಒಂದೇ ಮೈಯಲ್ಲಿ ಎಷ್ಟು ಚಂದ ಇರುತ್ತವೆ ಎಂದು ಅವನು ಹುಡುಕುತ್ತಿದ್ದ. ಪ್ರಿಂಟು ಹಾಕಿದರೆ ಮೊದಲು ನೋಡಬೇಕಾದವರು ಆ ಮೈಯವರು. ಅವರು ಬೇಡ ಎಂದರೆ ಅವರ ಎದುರಿಗೇ ಕತ್ತರಿ ಹಿಡಿದು ನೆಗೆಟಿವ್ ಕತ್ತರಿಸುತ್ತಿದ್ದ. ಎಂಥೆಂಥ ಚಿತ್ರಗಳು ಹಾಗೆ ಹೋದವು!

ಇನ್ನೊಂದು ಮಾತು. ಸಿದ್ದಪ್ಪ ಗಂಡಸರನ್ನು ಪ್ರೀತಿಸುವ ಗಂಡಸಾಗಿದ್ದ. ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಇದನ್ನು ಅವನೇ ಎದ್ದು ನಿಂತು ಹೇಳುತ್ತಿದ್ದ. — ನೋಡಿ, ಹೇಳಿಬಿಟ್ಟೆ. ಮೈಕೇನೂ ಸುಟ್ಟುಹೋಗಲಿಲ್ಲ.

ಇಲ್ಲಿ ಅದನ್ನು ಹೇಳಗೊಡದವನು ನಾನು. ಈ ಫೋಟೋವನ್ನು ಅಂಗಡಿಯ ಗಾಜಿನ ಶೋಕೇಸಿನಲ್ಲಿ ಇಡುತ್ತೇನೆಂದು ಹನ್ನೊಂದು ವರ್ಷದ ಹಿಂದೆ ಅವನು ತಂದ. ನಾನು ಅಡ್ಡ ನಿಂತೆ. ನಿನ್ನ ತಾಯಿ ಇದನ್ನು ನೋಡಿದರೆ ಎದೆ ಒಡೆದು ಸಾಯುತ್ತಾಳೆ ಎಂದೆ. ಅವನು ಅದನ್ನು ಒಳಗೆ ಒಯ್ದು ಇಟ್ಟ. ಅಂದಿನಿಂದ ಅವನು ಪ್ರದರ್ಶನಕ್ಕೆ ಹೋದಾಗಲೆಲ್ಲ, ದೂರದ ಮದುವೆಯ ಆರ್ಡರ್ ಬಂದಿದೆ ಎಂದು ಮೈಲಾರವ್ವಗೆ ಸುಳ್ಳು ಹೇಳಿದವನೂ ನಾನೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಹನ್ನೆರಡು ದಿನದ ಹಿಂದೆ ಅವನ ಎದೆಬಡಿತ ನಿಂತಿತು. ಇವತ್ತಿನ ಸಭೆಗೆ ಒಂದು ಫೋಟೋ ಮಾಡಿಕೊಡಿ ಎಂದು ಸುನೀತಾ ಕೇಳಿದಳು. ಹುಡುಕಿದರೆ — ಊರವರದೆಲ್ಲ ತೆಗೆದವನಿಗೆ ತನ್ನದೆಂದು ಇದೊಂದೇ. ಏನು ಮಾಡಲಿ? ಕೈ ತಾನಾಗಿ ಹಳೆಯ ಚಾಳಿಗೆ ಹೋಯಿತು. ಕಾಡಿಗೆ ಅಳಿಸಿದೆ. ಸೀರೆ ತೆಗೆದೆ. ಕುತ್ತಿಗೆಯ ಕೆಳಗೆ ಕೋಟು ಕೂರಿಸಿದೆ. ಪ್ರಿಂಟು ಹಾಕಿಸಿಕೊಂಡು ಮೊರಬಕ್ಕೆ ಬಂದೆ.

ಮೈಲಾರವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು —

“ಹಾರೂನಾ, ಕುತಗಿ ಮ್ಯಾಲಿಂದು ನನ್ನ ಮಗಂದು. ಕೆಳಗಿಂದು ಯಾರ್ದೋ?”

ಅವರೇ ಮುಂದುವರಿಸಿದರು.

“ಆ ಸೀರಿ ಎಲ್ಲಿ ಹೋತು? ಅದು ನಂದು. ನಿರಗಿ ಹಿಡದಾಕಿ ನಾನು, ಕ್ಯಾಮೆರಾ ಗುಂಡಿ ಒತ್ತಿದಾಕಿನೂ ನಾನ. ನನಗ ಎಲ್ಲಾ ಗೊತ್ತೈತಿ ಅಂತ ನಿನಗ ಹೇಳಬ್ಯಾಡ ಅಂತ ಅಂವಗ ನಾನ ಅಂದಿದ್ದೆ. ನೀ ಅಂಜಬುರುಕ. ನಿನ್ನ ಸುಳ್ಳು ಬೈಲಾದ್ರ ಕೆಲಸಾ ಬಿಟ್ಟು ಹೋದೀ ಅಂತ ನಮಗ ದಿಗಿಲು.”

ಕೇಳಿದಿರಾ? ಗುಂಡಿ ಒತ್ತಿದವರು ಇವರು! ಈ ಫೋಟೋ ಎಡಕ್ಕೆ ಒಂದಿಷ್ಟು ವಾರೆಯಾಗಿದೆ. ಸರಿ ಮಾಡುತ್ತೇನೆಂದರೆ ಸಿದ್ದಪ್ಪ ಮುಟ್ಟಗೊಡುತ್ತಿರಲಿಲ್ಲ. ಬೆಂಗಳೂರಿನ ಪ್ರದರ್ಶನದಲ್ಲಿ ನೋಡಿದವರು ಅದರಲ್ಲಿ ಭಾರೀ ಅರ್ಥವಿದೆ ಎಂದು ಬರೆದರು. ತಾಯಿಯ ಕೈ ಅಲುಗಿತ್ತು, ಅಷ್ಟೇ. ನಾನು ಇವರ ಮನೆಯ ಹೊಸ್ತಿಲ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ — ಎದೆಯ ಮೇಲಿನ ಕಲ್ಲು ಇಳಿದಿತ್ತು. ಹನ್ನೊಂದು ವರ್ಷ ನಾನು ಕಾಯ್ದ ಗುಟ್ಟು ಗುಟ್ಟೇ ಆಗಿರಲಿಲ್ಲ.

ಆದರೆ ಸೀರೆಯ ಫೋಟೋ ಇಡಲು ಪ್ರತಾಪ ಅವರು ಒಪ್ಪಲಿಲ್ಲ. ಅವರನ್ನು ಬೈಯಬೇಡಿ. ಮಗಳು ಮಹಾಲಕ್ಷ್ಮಿಯನ್ನು ನೋಡಲು ಮುಂದಿನ ವಾರ ಕಲಘಟಗಿಯ ಕಡೆಯವರು ಬರುವವರಿದ್ದಾರೆ. ಕೋಟಿನ ಫೋಟೋನೇ ಇರಲಿ, ಮಂದಿಯ ಬಾಯಿ ಕೆಟ್ಟದ್ದು ಎಂದರು. ಹೆಣ್ಣು ಹೆತ್ತವರ ಭಯ, ಸುಳ್ಳಲ್ಲ. ಅದಕ್ಕೆ ಮೈಲಾರವ್ವ ಹೇಳಿದ್ದು ಇಷ್ಟು —

“ಬರಾವ್ರು ನೋಡೇ ಬರ್ಲಿ. ಮದಿವ್ಯಾದ ಮ್ಯಾಲ ಗೊತ್ತಾದ್ರ, ಹುಡುಗೀಗಿ ತ್ರಾಸು.”

ಪ್ರತಾಪ ಅವರು ಎದ್ದು ಹೊರಗೆ ಹೋದರು. ಎರಡು ದಿನ ನನ್ನ ಫೋನು ಎತ್ತಲಿಲ್ಲ. ಮುಗಿಯಿತು, ಕೋಟೇ ಗತಿ ಎಂದುಕೊಂಡೆ. ನಿನ್ನೆ ಮುಂಜಾನೆ ಅವರೇ ಅಂಗಡಿಗೆ ಬಂದರು. ಬೀಗರಾಗುವವರಿಗೆ ತಾವೇ ಫೋನು ಮಾಡಿ ಎಲ್ಲ ಬಿಡಿಸಿ ಹೇಳಿದರಂತೆ. ನಮ್ಮ ಮದುವೆಯ ಫೋಟೋನೂ ಸಿದ್ದಪ್ಪನವರೇ ತೆಗೆದದ್ದು, ಬರುತ್ತೇವೆ ಎಂದು ಆ ಕಡೆಯವರು ಹೇಳಿದರಂತೆ. ಈ ಚೌಕಟ್ಟನ್ನು ಕಂಬಳಿಯಲ್ಲಿ ಸುತ್ತಿ, ಗಾಜು ಒಡೆಯದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದವರು ಪ್ರತಾಪ ಅವರೇ.

ಇಂಥ ಸಭೆಯಲ್ಲಿ ಹೀಗೆ ಹೇಳಬಾರದೇನೋ. ಆದರೂ ಹೇಳುತ್ತೇನೆ — ನನಗೆ ಇವತ್ತು ಹಗುರಾಗಿದೆ. ಅವನು ಇರುವಾಗಲೇ ಇಷ್ಟಾಗಬೇಕಿತ್ತು. ಆ ತಪ್ಪು ನನ್ನದು. ಸಿದ್ದಪ್ಪಾ, ಮಾಫ್ ಮಾಡು.

ಈಗ ಎಲ್ಲರೂ ಏಳಿರಿ. ಕೂತ ಅಜ್ಜಂದಿರು ಕೂತೇ ಇರಿ, ಅಡ್ಡಿಯಿಲ್ಲ. ಎರಡು ನಿಮಿಷ ಮೌನ. ಇಂಥ ಹೊತ್ತಿನಲ್ಲಿ ತಲೆ ತಗ್ಗಿಸಿ ಕಣ್ಣು ಮುಚ್ಚುವುದು ನಮ್ಮ ರೂಢಿ. ಇವತ್ತು ಒಂದು ದಿನ ಬೇಡ. ತಲೆ ಎತ್ತಿರಿ, ಕಣ್ಣು ತೆರೆದಿರಿ.

ಅವನನ್ನು ನೋಡಿರಿ.