ಹಡಗಿನ ತಳದಲ್ಲಿ ಯಾರು ಕೂರಬೇಕು?

ಒಂದು ಬಂದರಿನಲ್ಲಿ ಒಬ್ಬ ಶ್ರೀಮಂತ ವ್ಯಾಪಾರಿ ಇದ್ದ. ಅವನೊಂದು ಹಡಗು ಕಟ್ಟಿಸಿದ. ಮೀನಿನ ದೋಣಿಯಲ್ಲ ನೋಡಿ, ಮೂರು ಪಟಗಳ ದೊಡ್ಡ ಹಡಗು! ಒಳಗೆ ಮೆಣಸು ತುಂಬಲು ಜಾಗ, ಮೇಲೆ ಕಡಲ್ಗಳ್ಳರಿಗಾಗಿ ಹನ್ನೆರಡು ಫಿರಂಗಿ. ವ್ಯಾಪಾರಕ್ಕೂ ಸೈ, ಯುದ್ಧಕ್ಕೂ ಸೈ. ಅದರಲ್ಲಿ ಹೋಗಬೇಕಾದವರು ಅರವತ್ತು ನಾವಿಕರು.

ಮರದ ಹಡಗು ಎಂದಮೇಲೆ ಹಲಗೆಗಳ ನಡುವೆ ಸಂದು ಇದ್ದೇ ಇರುತ್ತದೆ. ರಾಳ, ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಉಳಿಯಿಂದ ಬಡಿದು ಬಡಿದು ಅದರಲ್ಲಿ ತುಂಬಬೇಕು. ಆ ಕೆಲಸಕ್ಕೆ ಜಟ್ಟಿ ಮೇಸ್ತ ಎಂಬ ಮುದುಕನಿದ್ದ. ಆ ಬಂದರಿನಲ್ಲಿ ಒಂದು ಕಟ್ಟಳೆಯೂ ಇತ್ತು. 'ಸಂದು ತುಂಬಿದ್ದು ಸಾಕು' ಎಂದು ಯಾರು ಹೇಳುತ್ತಾರೋ ಅವರೇ ಹಡಗಿನ ತಳಕ್ಕಿಳಿದು ಕೂರಬೇಕು. ಹಡಗು ನೀರಿಗಿಳಿದು, ಹೊಳೆ ಕಡಲಿಗೆ ಬೀಳುವ ಅಳಿವೆ ದಾಟಿ, ಸಮುದ್ರ ಸೇರುವವರೆಗೆ ಮೇಲೆ ಬರಕೂಡದು. ಜಟ್ಟಿ ಹಾಗೆ ನಲವತ್ತು ಹಡಗುಗಳ ತಳದಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತು ಬಂದವನು.

ಕಡಲಿಗಿಳಿಯುವ ಕಾಲ ಬಂತು, ನೂಲ ಹುಣ್ಣಿಮೆಗೆ ಸಮುದ್ರಪೂಜೆ ಆಯಿತು. ಉಳಿದವರ ಹಡಗುಗಳು ಪಟ ಬಿಚ್ಚಿದವು. ನಮ್ಮ ಶ್ರೀಮಂತನಿಗೆ ತಡೆಯಲಾಗಲಿಲ್ಲ.

"ಒಡೆಯಾ, ಇನ್ನೂ ಎಂಟು ದಿನ ಬೇಕು. ಎಡಗಡೆ ತಳ ಹಂಗೇ ಅದೆ" ಎಂದ ಜಟ್ಟಿ.

"ನೀರೊಳಗಿನ ತಳ ಯಾರ ಕಣ್ಣಿಗೆ ಬೀಳ್ತದೆ ಮಾರಾಯಾ? ಸುಣ್ಣ ಮೆತ್ತಿ ಬಣ್ಣ ಬಳಿ. ಸಾಕು!"

"ಸಾಕು ಅಂದವ್ರು ನೀವು. ಹಂಗಾರೆ ಕೂರೋರೂ ನೀವೇಯ."

ಕಟ್ಟಳೆ ಎಂದರೆ ಕಟ್ಟಳೆ. ಶ್ರೀಮಂತ ನಗುತ್ತಲೇ ಒಪ್ಪಿದ. ಮರುದಿನ ಬೆಳಿಗ್ಗೆ ಹಡಗನ್ನು ನೀರಿಗೆಳೆಯಲು ಜನ ಹಗ್ಗ ಹಿಡಿದು ನಿಂತರು. ನಾವಿಕರ ಹೆಂಡಂದಿರು ದಡದಲ್ಲಿ ಆರತಿ ಹಿಡಿದು ನಿಂತರು. ಶ್ರೀಮಂತ ಹಡಗು ಹತ್ತಿದ, ತಳಕ್ಕಿಳಿಯುವ ಏಣಿಗೆ ಕಾಲಿಟ್ಟ. ಒಂದು ಮೆಟ್ಟಿಲು ಇಳಿದ. ಎರಡು ಇಳಿದ. ಮೂರನೆಯದರಲ್ಲಿ ನಿಂತುಬಿಟ್ಟ. ಕೆಳಗೆ ಕತ್ತಲು, ಹಸಿ ಸುಣ್ಣದ ವಾಸನೆ.

"ಎಳೀಬೇಡಿ, ಹಗ್ಗ ಬಿಡ್ರೋ!" ಎಂದು ಕೂಗಿದ. "ಜಟ್ಟೀ, ಆ ಸುಣ್ಣ ಕೆತ್ತಿ ತೆಗಿ. ಎಂಟು ದಿನ ಅಲ್ಲ, ಹದಿನೈದು ದಿನ ತಗೋ!"

ಈಗ ಹೇಳಿ, ನೀರು ಒಳಗೆ ಬಂದಿತ್ತೇ? ಇಲ್ಲ. ಹಡಗು ಇನ್ನೂ ದಡದ ಮೇಲೇ ಇತ್ತು! ಹಾಗಾದರೆ ತಳ ಕಚ್ಚಾ ಎಂದು ಏಣಿಯ ಮೇಲೆ ಅವನಿಗೆ ಹೊಸದಾಗಿ ಯಾರು ಹೇಳಿದರು? ಯಾರೂ ಹೇಳಲಿಲ್ಲ. ಜಟ್ಟಿ ಹೇಳಿದಾಗಿನಿಂದಲೂ ಅವನಿಗೆ ಗೊತ್ತಿತ್ತು. ಅರವತ್ತು ಜನರನ್ನು ಕಳಿಸುವಾಗ ಗೊತ್ತಿದ್ದೂ ನಕ್ಕ. ತಾನೊಬ್ಬ ಇಳಿಯುವಾಗ ಮೂರನೇ ಮೆಟ್ಟಿಲಲ್ಲೇ ಕಾಲು ನಿಂತಿತು.

ಸಭೆಯಲ್ಲಿ ಕೂತವರೇ, ಯಾಕೆ ತಲೆ ತಗ್ಗಿಸುತ್ತೀರಿ? ನಿಮ್ಮ ಕೆಲಸದಲ್ಲಿ ಸುಣ್ಣ ಮೆತ್ತಿದ ಜಾಗ ಎಲ್ಲಿದೆ ಎಂದು ನಿಮಗೂ ಗೊತ್ತಿದೆ. ನನಗೂ ನನ್ನದು ಗೊತ್ತಿದೆ. ನಮ್ಮ ತಲೆ ಮೇಲಿರುವ ಈ ಮಂಟಪದ ಮಾಡು ಹಾಕಿಸಿದ ಯಜಮಾನರು ಅದರ ಕೆಳಗೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಆ ಧೈರ್ಯದ ಮೇಲೇ ನಾನು ಇಷ್ಟು ಹೊತ್ತು ಮಾತಾಡಿದ್ದು!

ನಾಳೆ ಬೆಳಿಗ್ಗೆಯಿಂದ ಇಷ್ಟು ಮಾಡಿ. ಹೋಟೆಲಿನವರೇ, ಗಿರಾಕಿಗೆ ಬಡಿಸುವ ಸಾಂಬಾರನ್ನೇ ನಿಮ್ಮ ಮಗುವಿಗೂ ಬಡಿಸಿ. ಸೇತುವೆ ಕಟ್ಟುವವರೇ, ಮೊದಲು ನಿಮ್ಮ ತಾಯಿಯನ್ನು ಅದರ ಮೇಲೆ ನಡೆಸಿ. ಮೇಷ್ಟ್ರೇ, ನೀವು ಪಾಠ ಮಾಡುವ ತರಗತಿಯಲ್ಲೇ ನಿಮ್ಮ ಮಗಳನ್ನು ಕೂರಿಸಿ. 'ಸಾಕು' ಎನ್ನುವ ಮಾತು ಬಾಯಿಗೆ ಬಂದಾಗಲೆಲ್ಲ ಆ ಏಣಿಯಲ್ಲಿ ಮೂರು ಮೆಟ್ಟಿಲು ಇಳಿದು ನೋಡಿ. ನಾಲ್ಕನೆಯದಕ್ಕೂ ಧೈರ್ಯವಾಗಿ ಕಾಲಿಡಲಾದರೆ ಮಾತ್ರ ಹಡಗನ್ನು ನೀರಿಗೆ ಬಿಡಿ.