ಹೊಂಗೆಮರಕ್ಕೆ ಕಟ್ಟುವ ಡಬ್ಬ

ಪ್ರಮೀಳಾಗೆ ಬಂದಿದ್ದ ಅಂಗನವಾಡಿ ಕೆಲಸದ ಇಂಟರ್‌ವ್ಯೂ ಕಾರ್ಡನ್ನು ಪೋಸ್ಟಿನವರು ಎಂದಿನಂತೆ ಊರೊಳಗಿನ ಅಂಗಡಿಯಲ್ಲಿ ಕೊಟ್ಟುಹೋಗಿದ್ದರು; ಅಂಗಡಿಯವನು ಅದನ್ನು ಕಾಲೋನಿಗೆ ತಲುಪಿಸಲಿಲ್ಲ. ಇಂಟರ್‌ವ್ಯೂ ಮುಗಿದ ಮೇಲೆ ಕಡಲೆಕಾಯಿ ಮೂಟೆಯ ಸಂದಿಯಿಂದ ತೆಗೆದುಕೊಟ್ಟ.

ಗುಬ್ಬಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಅವಳ ತಾಯಿ ಲಕ್ಕಮ್ಮ, ಸೋದರಮಾವ ನಾಗೇಶ ಆಡುತ್ತಿದ್ದ ಮಾತಿನಿಂದ ನನಗೆ ಇದು ತಿಳಿಯಿತು. ಲಕ್ಕಮ್ಮನ ತೊಡೆಯ ಮೇಲೊಂದು ಎಣ್ಣೆ ಡಬ್ಬವಿತ್ತು.

“ಇದ್ಯಾಕಕ್ಕ, ಡಬ್ಬಕ್ಕೆ ಬಾಯಿ ಕೊಯ್ಸಿದೀಯ?”

“ಪೋಸ್ಟ್ ಹಾಕಕ್ಕೆ ಕಣೋ. ಕಾಲೋನಿ ಮುಂದ್ಲ ಹೊಂಗೆಮರಕ್ಕೆ ಕಟ್ತೀನಿ. ಪೋಸ್ಟಿನವ್ರು ಒಪ್ಕೊಂಡವ್ರೆ.”

“ಮಳೆ ಬಂದ್ರೆ?”

“ಬಾಯಿಗೆ ಟ್ಯೂಬ್ ರಬ್ಬರ್ ಇಳಿಬಿಡ್ಸಿದೀನಿ. ನೀರು ನಿಲ್ದಂಗೆ ತಳಕ್ಕೆ ತೂತು ಹೊಡ್ಸಿದೀನಿ.”

“ಹೋದ್ಸಲ ಕಟ್ಟಿದ್ದರಾಗೆ ಓತಿಕ್ಯಾತ ಸಂಸಾರ ಹೂಡಿತ್ತಲ್ಲ!”

“ಅದು ಕಾಗ್ದ ಮುಟ್ಟಿರ್ಲಿಲ್ಲ. ಡಬ್ಬ ಕಿತ್ತು ಕೆರೆಗೆಸೆದೋರು ಮನುಷ್ರು ಕಣಪ್ಪ.”

ನಾಗೇಶ ಡಬ್ಬದ ರಬ್ಬರ್ ಎತ್ತಿ ಒಳಗೆ ಇಣುಕಿದ.

“ಪ್ರಮೀಳಾ ಏನಂತಾಳೆ?”

“ಏನೂ ಅನ್ನಲ್ಲ. ಪೋಸ್ಟಿನವ್ರ ಗಾಡಿ ಸದ್ದಾದ್ರೆ ಬಾಗ್ಲಿಗೆ ಬತ್ತಾಳೆ. ಅದು ಅಂಗಡಿ ತಾವ್ಲೇ ನಿಂತೋದ್ರೆ ಒಳಿಕ್ಕೋಗಿ ಮಲ್ಕೊತಾಳೆ. ಉಣ್ಣು ಅಂದ್ರೂ ಏಳಲ್ಲ.”

“ಹಾಸ್ಟೆಲ್ ಕೆಲ್ಸಕ್ಕೆ ಅರ್ಜಿ ಹಾಕವ್ಳಲ್ಲ. ಅದ್ರ ಕಾರ್ಡಾದ್ರೂ ಕೈಗೆ ಬರ್ಲಿ ಅಂದ್ರೆ ಅಂಗಡಿಯವ್ನ ಎದುರಾಕ್ಕೋಬೇಡ.”

“ಅಂಗನವಾಡಿ ಕೆಲ್ಸ ಯಾರಿಗಾಯ್ತು ಹೇಳು? ಅವ್ನ ಸೊಸೆಗೆ. ನಮ್ಮಕ್ಳ ಲೋಟ ಮುಟ್ದಂಗೆ ಹಾಲು ಮೇಲಿಂದ ಸುರೀತಾಳೆ.”

ಅಷ್ಟರಲ್ಲಿ ಬಸ್ ಬಂತು.

“ಡಬ್ಬ ಇಲ್ಲೇ ಬುಟ್ಬುಡಕ್ಕ. ಇಬ್ರೂ ಹೋಗಿ ಅವ್ನಿಗೆ ಕೈ ಮುಗ್ದು ಕೇಳಾನ.”

“ನೀನು ಬೇಕಾದ್ರೆ ಮುಗಿ. ನಾನು ಮುಗಿಯಾಕಿಲ್ಲ” ಎಂದು ಲಕ್ಕಮ್ಮ ಡಬ್ಬವನ್ನು ಎದೆಗವಚಿಕೊಂಡು ಬಸ್ ಹತ್ತಿದಳು.